ಮಿಸ್, ಇವನು ತಳ್ತಾನೆ!

ಒಂದನೇ ತರಗತಿಯ ಪುಸ್ತಕದಲ್ಲಿ ಅಕ್ಷರಗಳಿವೆ, ಕೂಡುವ ಕಳೆಯುವ ಲೆಕ್ಕಗಳಿವೆ, ಹಸು, ಹಕ್ಕಿ, ಗಿಡಮರಗಳಿವೆ. ಸಾಲಾಗಿ ನಿಲ್ಲುವುದು ಹೇಗೆ ಎಂಬ ಪಾಠ ಮಾತ್ರ ಯಾವ ಪುಟದಲ್ಲೂ ಇಲ್ಲ. ಆದರೆ ಸರ್ಕಾರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ನನ್ನಂಥವರನ್ನು ಕೇಳಿ ನೋಡಿ: ದಿನಕ್ಕೆ ಅತಿ ಹೆಚ್ಚು ಸಲ ಮಾಡುವ ಪಾಠ ಅದೇ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು. ನಾಡಗೀತೆ ಮುಗಿಸಿ ಒಳಗೆ ಬರುವಾಗ ಸಾಲು. ಹಾಲಿಗೆ ಸಾಲು. ಕೈ ತೊಳೆಯಲು ನಲ್ಲಿಯ ಮುಂದೆ ಸಾಲು. ತಟ್ಟೆ ಹಿಡಿದು ಊಟಕ್ಕೆ ಸಾಲು, ಉಂಡ ತಟ್ಟೆ ತೊಳೆಯಲು ಮತ್ತದೇ ನಲ್ಲಿಯ ಮುಂದೆ ಸಾಲು. ಜಂತುಹುಳದ ಮಾತ್ರೆ ಕೊಡುವ ದಿನ ಅದಕ್ಕೊಂದು ಪ್ರತ್ಯೇಕ ಸಾಲು. ಆ ಸಾಲಿನಲ್ಲಿ ಮಾತ್ರ ನಮ್ಮ ಮಕ್ಕಳ ಔದಾರ್ಯ ನೋಡಬೇಕು. ‘ನೀನು ಮೊದಲು ಹೋಗು’, ‘ಇಲ್ಲ ಇಲ್ಲ, ನೀನೇ ಹೋಗು’ ಎಂದು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾರೆ. ಸಂಜೆ ಲಾಂಗ್ ಬೆಲ್ ಹೊಡೆದ ಮೇಲಿನ ಸಾಲನ್ನು ಸಾಲು ಎಂದು ಕರೆಯುವುದು ಇಲಾಖೆಯ ದಾಖಲೆಗೆ ಮಾತ್ರ ಸರಿ.

‘ಎಲ್ಲರೂ ಸಾಲಾಗಿ ನಿಲ್ಲಿ’ ಎಂಬ ಮಾತು ಬಾಯಿಂದ ಹೊರಡುವುದೇ ತಡ, ಕೋಣೆಯ ಅಷ್ಟೂ ಮಕ್ಕಳು ಬಾಗಿಲಲ್ಲಿರುತ್ತಾರೆ. ಅಲ್ಲಿಯವರೆಗೆ ‘ಕಾಲು ನೋಯ್ತದೆ ಮಿಸ್’ ಎಂದು ಗೋಡೆಗೊರಗಿ ಕೂತವನು, ಬಳಪ ಸಿಗಲಿಲ್ಲವೆಂದು ಚೀಲದೊಳಗೆ ತಲೆ ಹಾಕಿದವಳು, ಅರ್ಧ ನಿದ್ದೆಯಲ್ಲಿದ್ದವನು, ಎಲ್ಲರಿಗೂ ಎಲ್ಲಿಂದಲೋ ಶಕ್ತಿ ಬಂದುಬಿಡುತ್ತದೆ. ಬಾಗಿಲು ಒಂದೇ. ಅದನ್ನು ಮಾಡಿಸಿದ ಕಂಟ್ರಾಕ್ಟರಿಗೆ ಒಬ್ಬರ ಹಿಂದೆ ಒಬ್ಬರು ಬರುತ್ತಾರೆಂಬ ನಂಬಿಕೆ ಇದ್ದಿರಬೇಕು. ಆ ನಂಬಿಕೆಯನ್ನು ದಿನವೂ ಉಳಿಸಿಕೊಡುವ ಕೆಲಸ ನಮ್ಮದು.

ನಿಂತ ಸಾಲನ್ನು ಒಂದು ಗಳಿಗೆ ಸುಮ್ಮನೆ ನೋಡುವುದೆಂದರೆ ನನಗೆ ಬಲು ಇಷ್ಟ. ಹಾಜರಿ ಪುಸ್ತಕದಲ್ಲಿ ಸಿಗದ ಎಷ್ಟೋ ಸಂಗತಿಗಳು ಅಲ್ಲಿ ಸಿಗುತ್ತವೆ. ಒಬ್ಬನಿಗೆ ಎಲ್ಲದರಲ್ಲೂ ಮೊದಲ ಜಾಗ ಬೇಕು. ಮೊದಲು ನಿಂತವನಿಗೆ ಹಾಲೇನೂ ಹೆಚ್ಚು ಹೊಯ್ಯುವುದಿಲ್ಲ, ಸಾರಿನಲ್ಲಿ ಬೇಳೆಯೂ ಹೆಚ್ಚಿರುವುದಿಲ್ಲ. ಆದರೂ ಬೇಕು. ಮೊದಲ ಜಾಗದಲ್ಲಿ ನಿಂತವನ ಎದುರಿಗೆ ಯಾರ ಬೆನ್ನೂ ಇರುವುದಿಲ್ಲ, ಅಂಗಳ ಪೂರ್ತಿ ಕಾಣುತ್ತದೆ. ಅಷ್ಟೇ ಅವನ ಸುಖ ಇದ್ದೀತು. ಇನ್ನೊಬ್ಬಳಿಗೆ ಮೊದಲ ಜಾಗದ ಮೇಲೆ ಆಸೆಯಿಲ್ಲ. ಗೆಳತಿಯ ಹಿಂದಿನ ಜಾಗ ಸಿಕ್ಕರೆ ಸಾಕು. ಆ ಗೆಳತಿಯ ಜಡೆಯ ರಿಬ್ಬನ್ನು ಹಿಡಿದು ನಿಂತಳೆಂದರೆ ಊಟ ತಡವಾದರೂ ಅವಳದು ತಕರಾರಿಲ್ಲ. ನಡುವೆ ಒಬ್ಬ ಇರುತ್ತಾನೆ, ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ. ಮುಂದಿನವರೆಲ್ಲ ನಡೆದು ಹೋಗಿ ಮೈದಾನ ಸೇರಿದರೂ ಇವನು ಅಲ್ಲೇ. ಇವನ ಹಿಂದಿನವರು ಶಿಸ್ತಿನ ಮಕ್ಕಳಾದ್ದರಿಂದ ಅವರೂ ಅಲ್ಲೇ. ಒಂದು ಸಾಲು ಎರಡಾಗುವುದು ಹೀಗೆ. ಎಲ್ಲರಿಗಿಂತ ಹಿಂದೆ ಒಂದೇ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ಬರುವವನು ಕೊನೆಯವನು. ಅವನಿಗೆ ಯಾವ ಅವಸರವೂ ಇಲ್ಲ. ಕೊನೆಯ ಜಾಗಕ್ಕೆ ಪೈಪೋಟಿ ಇಲ್ಲವೆಂಬುದನ್ನು ಆರನೇ ವಯಸ್ಸಿಗೇ ಕಂಡುಕೊಂಡಿದ್ದಾನೆ.

ಇನ್ನು ದೂರುಗಳು. ‘ಮಿಸ್, ಇವನು ತಳ್ತಾನೆ!’ ಎಂಬ ಕೂಗು ಕೇಳದ ದಿನ ಶಾಲೆಗೆ ರಜೆ ಎಂದೇ ಅರ್ಥ. ವಿಚಾರಣೆಗೆ ಇಳಿದರೆ ತಳ್ಳಿದವನು ತಾನು ತಳ್ಳಲಿಲ್ಲ, ತನ್ನ ಹಿಂದಿನವಳು ತನ್ನನ್ನು ತಳ್ಳಿದಳು ಎನ್ನುತ್ತಾನೆ. ಅವಳು ತನ್ನ ಹಿಂದಿನವನ ಕಡೆ ಬೆರಳು ಮಾಡುತ್ತಾಳೆ. ಹೀಗೆ ಬೆರಳು ಹಿಡಿದು ಹಿಂದೆ ಹಿಂದೆ ಹೋಗಿ ಕೊನೆಯವನ ಬಳಿ ತಲುಪಿದರೆ, ಅವನ ಹಿಂದೆ ಬೆರಳು ಮಾಡಲು ಗೋಡೆ ಬಿಟ್ಟರೆ ಏನೂ ಇಲ್ಲ. ಆದರೆ ಅವನು ಸೋಲುವವನಲ್ಲ. ‘ನಾನು ಸುಮ್ನೆ ನಿಂತಿದ್ದೆ ಮಿಸ್, ಅವ್ರೆಲ್ಲ ಹಿಂದಕ್ಕೆ ಬಂದ್ರು’ ಎನ್ನುತ್ತಾನೆ. ತೀರ್ಪು ಕೊಡುವುದು ಕಷ್ಟ. ಎಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ. ಸಾಲಿನಲ್ಲಿ ತಳ್ಳಾಟಕ್ಕೆ ಆರಂಭ ಎಂಬುದು ಇರುವುದೇ ಇಲ್ಲ.

ಮಕ್ಕಳ ನಡುವೆ ಜಾಗದ ಕಾನೂನೂ ಇದೆ. ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ನೀರು ಕುಡಿಯಲು ಹೋದವರ ಜಾಗ ಉಳಿಯುತ್ತದೆ, ಜಗಳ ಆಡಲು ಹೋದವರ ಜಾಗ ಹೋಗುತ್ತದೆ. ಒಬ್ಬರು ಇನ್ನೊಬ್ಬರಿಗೆ ಜಾಗ ಹಿಡಿಯಬಹುದು, ಆದರೆ ಒಬ್ಬರಿಗಷ್ಟೇ. ಇಬ್ಬರಿಗೆ ಹಿಡಿದರೆ ಗಲಾಟೆ. ತಟ್ಟೆಯನ್ನು ನೆಲದ ಮೇಲಿಟ್ಟು ಹೋದರೆ ತಟ್ಟೆಯೇ ಆ ಮಗು ಎಂದು ಲೆಕ್ಕ. ಚಪ್ಪಲಿ ಇಟ್ಟು ಹೋದರೆ ಲೆಕ್ಕಕ್ಕಿಲ್ಲ, ಏಕೆಂದರೆ ಚಪ್ಪಲಿಯನ್ನು ಕಾಲಿನಿಂದಲೇ ಸರಿಸಬಹುದು.

ಎತ್ತರದ ಪ್ರಕಾರ ನಿಲ್ಲಿಸುವುದು ಪಿ.ಟಿ. ಮೇಷ್ಟ್ರುಗಳ ಹಳೆಯ ಕ್ರಮ. ಗಿಡ್ಡವರು ಮುಂದೆ, ಉದ್ದನೆಯವರು ಹಿಂದೆ, ಒಂದು ಕೈ ಅಳತೆ ದೂರ, ಸಾವಧಾನ್, ವಿಶ್ರಾಮ್. ಪ್ರಾರ್ಥನೆಯ ಮೈದಾನದಲ್ಲಿ ಇದು ನೋಡಲು ಚೆಂದ, ನಿಂತ ಎಲ್ಲರಿಗೂ ಧ್ವಜ ಕಾಣುತ್ತದೆ. ಆದರೆ ಇದರಲ್ಲಿ ಸೇರಿಕೊಂಡ ಒಂದು ಸಣ್ಣ ಅನ್ಯಾಯ ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ. ಗಿಡ್ಡ ಮಗುವಿಗೆ ವರ್ಷವಿಡೀ ಮೊದಲ ಜಾಗ, ಅಂದರೆ ವರ್ಷವಿಡೀ ಎಲ್ಲರ ಕಣ್ಣು ತನ್ನ ಮೇಲೆ. ಉದ್ದನೆಯ ಮಗುವಿಗೆ ಏಳನೇ ತರಗತಿ ದಾಟುವವರೆಗೂ ಕೊನೆಯ ಜಾಗ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ ನಮ್ಮ ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು, ಹಿಮ್ಮಡಿ ಎತ್ತಿ, ತಲೆಯ ಮೇಲೆ ಅಂಗೈ ಇಟ್ಟು ಅಳೆದುಕೊಳ್ಳುವುದನ್ನು ನೋಡಬೇಕು. ಒಬ್ಬ ಪುಟ್ಟಿ ಕೇಳಿದ ಪ್ರಶ್ನೆ ಈಗಲೂ ನೆನಪಿದೆ: ‘ಎಲ್ಡು ಮುದ್ದೆ ಉಂಡ್ರೆ ಹಿಂದಕ್ಕೆ ಹೋಗ್ಬೌದಾ ಮಿಸ್?’

ಇಷ್ಟು ಚಿಕ್ಕ ಮಕ್ಕಳಿಗೆ ಸಾಲು ಯಾಕೆ ಅಷ್ಟು ಕಷ್ಟ ಎಂದು ಸಾಲಿನ ಹೊರಗೆ ನಿಂತವರು ಕೇಳುತ್ತಾರೆ. ಸಾಲಿನೊಳಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಆರು ವರ್ಷದ ಮೈಗೆ ಅಲುಗಾಡದೆ ನಿಲ್ಲುವುದೇ ಓಡುವುದಕ್ಕಿಂತ ದೊಡ್ಡ ಶ್ರಮ. ಮುಖದ ಎದುರಿಗೆ ಇನ್ನೊಬ್ಬರ ಚೀಲ, ಕಿವಿಯ ಹಿಂದೆ ಇನ್ನೊಬ್ಬರ ಉಸಿರು. ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ಕೈ ಎದುರಿನ ಜಡೆಯನ್ನು ಎಳೆಯದೆ ಏನು ಮಾಡೀತು? ಇನ್ನೆಷ್ಟು ಹೊತ್ತು ಎಂಬುದೂ ಗೊತ್ತಿಲ್ಲ. ‘ಐದು ನಿಮಿಷ’ ಎಂದರೆ ಗಡಿಯಾರ ಓದಲು ಬಾರದ ಮಗುವಿಗೆ ಅದೂ ಒಂದೇ, ಒಂದು ಗಂಟೆಯೂ ಒಂದೇ. ಎಲ್ಲಕ್ಕಿಂತ ದೊಡ್ಡದು, ತನ್ನ ಸರದಿ ಬರುವಷ್ಟರಲ್ಲಿ ಮುಂದಿರುವುದು ಮುಗಿದುಹೋದರೆ ಎಂಬ ಅನುಮಾನ. ತಳ್ಳುವ ಕೈಯ ಹಿಂದೆ ಬಹುಪಾಲು ಇರುವುದು ತುಂಟತನವಲ್ಲ, ಈ ಅನುಮಾನ.

ಹಿಂದಿನ ಕಾಲದಲ್ಲಿ ಇದಕ್ಕೆಲ್ಲ ಒಂದೇ ಮದ್ದು, ಲಕ್ಕಿ ಬರಲು. ಕೈ ಕಟ್ಟು, ಬಾಯಿ ಮುಚ್ಚು. ಆ ಕಾಲದ ಸಾಲುಗಳು ಬಹಳ ನೇರವಾಗಿದ್ದವು ಎಂದು ಹಿರಿಯರು ಈಗಲೂ ಹೊಗಳುತ್ತಾರೆ. ನೇರವಾಗಿದ್ದವು, ನಿಜ. ಬೆನ್ನು ಬಾಗಿಸಿದರೆ ಬರಲು ಬೀಳುತ್ತಿತ್ತಲ್ಲ! ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಮಗುವನ್ನು ಹೊಡೆಯುವುದೂ ಮನಸ್ಸಿಗೆ ಹಿಂಸೆ ಕೊಡುವುದೂ ಅದರ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಬರಲು ಹೋಯಿತು, ತೋರುಬೆರಳು ಉಳಿಯಿತು. ‘ಬಾಯಿ ಮೇಲೆ ಬೆರಳು’ ಎಂದರೆ ಮಕ್ಕಳೆಲ್ಲ ಬೆರಳಿಟ್ಟುಕೊಳ್ಳುತ್ತಾರೆ. ಬೆರಳಿನ ಎರಡೂ ಪಕ್ಕದಿಂದ ಮಾತು ಹೊರಗೆ ಬರುತ್ತಲೇ ಇರುತ್ತದೆ. ಹಲ್ಲು ಬಿದ್ದವರಿಗಂತೂ ಇನ್ನೂ ಅನುಕೂಲ.

ಅಲುಗಾಡದೆ ನಿಂತ ಮಗು ಸಮಾಧಾನದಲ್ಲಿದೆ ಎಂದು ಹೇಳಲು ಬರುವುದಿಲ್ಲ. ಇದನ್ನು ಬಹಳ ಹಿಂದೆಯೇ ಕಂಡುಕೊಂಡವರು ಮಾರಿಯಾ ಮಾಂಟೆಸ್ಸರಿ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರು ಮಕ್ಕಳ ಮನೆ ತೆರೆದರು. ವೃತ್ತಿಯಿಂದ ವೈದ್ಯೆ. ಅವರು ಮಕ್ಕಳಿಗೆ ಮೌನವನ್ನು ಆಟವಾಗಿ ಕಲಿಸಿದರು. ಮಕ್ಕಳೆಲ್ಲ ಸದ್ದಿಲ್ಲದೆ ಕೂತ ಮೇಲೆ ಟೀಚರ್ ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಪಿಸುದನಿಯಲ್ಲಿ ಕರೆಯುತ್ತಾರೆ. ಕರೆಸಿಕೊಂಡ ಮಗು ಕುರ್ಚಿ ಸದ್ದಾಗದಂತೆ ಎದ್ದು ಮೆಲ್ಲನೆ ನಡೆದು ಹೋಗಬೇಕು. ಕೊನೆಯ ಮಗುವಿನ ಹೆಸರೂ ಬಂದೇ ಬರುತ್ತದೆ. ಅದು ಕಿವಿ ನೆಟ್ಟು ಕಾಯುತ್ತದೆ. ಇನ್ನೊಂದು ಆಟ ನೆಲದ ಮೇಲೆ ಎಳೆದ ಗೆರೆಯ ಮೇಲೆ ನಡೆಯುವುದು: ಹಿಮ್ಮಡಿಗೆ ಬೆರಳು ತಾಗಿಸಿ, ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು, ಒಂದು ಹನಿಯೂ ಚೆಲ್ಲದಂತೆ. ಇದೇ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು, ಮಹಾಯುದ್ಧದಿಂದಾಗಿ 1946ರವರೆಗೂ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಆದರೆ ಮೌನದ ಆಟವನ್ನು ಪುಸ್ತಕದಲ್ಲಿ ಓದಿಕೊಂಡು ಮರುದಿನವೇ ಆಡಿಸಲು ಹೊರಟರೆ ಏನಾಗುತ್ತದೆಂದು ತಿಳಿಯಲು ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಓದಬೇಕು. ವಕೀಲಿಕೆ ಬಿಟ್ಟು ಗುಜರಾತಿನ ಭಾವನಗರದ ಮಕ್ಕಳ ಶಾಲೆಗೆ ಬಂದವರು ಗಿಜುಭಾಯಿ. ಅವರ ಕಥಾನಾಯಕ ಲಕ್ಷ್ಮೀರಾಮ ಮೇಷ್ಟ್ರು ಮೊದಲ ದಿನವೇ ತರಗತಿಯಲ್ಲಿ ಶಾಂತಿಯ ಆಟ ಆಡಿಸಲು ಹೋಗುತ್ತಾನೆ. ಮಕ್ಕಳು ಚಿತ್ರವಿಚಿತ್ರ ಸದ್ದು ಮಾಡಿ ಆಟವನ್ನು ಗಾಳಿಗೆ ತೂರುತ್ತಾರೆ. ಮರುದಿನ ಮೇಷ್ಟ್ರು ಬೇರೇನೂ ಮಾಡುವುದಿಲ್ಲ, ಒಂದು ಕತೆ ಶುರು ಮಾಡುತ್ತಾನೆ. ಶಾಂತಿ ತಾನಾಗಿ ಬಂದು ಕೂರುತ್ತದೆ. ಈ ಮೇಷ್ಟ್ರಿಂದ ಕಲಿತ ಉಪಾಯವನ್ನು ನಾನು ಈಗಲೂ ಬಳಸುತ್ತೇನೆ. ಒಂದು ಕತೆಯನ್ನು ಸಾಲಿಗೆಂದೇ ಮೀಸಲಿಟ್ಟಿದ್ದೇನೆ. ಸಾಲು ನಿಂತಾಗ ಮಾತ್ರ ಅದು ಮುಂದುವರಿಯುತ್ತದೆ, ಅದೂ ಮೆಲುದನಿಯಲ್ಲಿ. ನರಿ ಬಾವಿಗೆ ಇಣುಕಿತು ಎಂಬಲ್ಲಿಗೆ ನಿಲ್ಲಿಸಿದರೆ ಮರುದಿನ ನನಗಿಂತ ಮೊದಲೇ ಸಾಲು ಸಿದ್ಧ. ಮಾತಾಡುವವರನ್ನು ಸುಮ್ಮನಾಗಿಸುವ ಕೆಲಸವೂ ನನ್ನದಲ್ಲ. ಅದನ್ನು ಕತೆಗೆ ಕಾದವರೇ ನೋಡಿಕೊಳ್ಳುತ್ತಾರೆ.

ನೀರಿನ ಲೋಟದ ಆಟಕ್ಕಂತೂ ನಮಗೆ ಸರ್ಕಾರವೇ ಸಾಮಗ್ರಿ ಒದಗಿಸಿದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಮಗುವಿಗೆ 150 ಮಿ.ಲೀ. ಬಿಸಿ ಹಾಲು ಸಿಗುತ್ತದೆ. ಹಾಲಿಗೆ ಹೋಗುವ ಸಾಲು ಒಂದು ಬಗೆ, ಹಾಲು ಹಿಡಿದು ಮರಳುವ ಸಾಲು ಇನ್ನೊಂದೇ ಬಗೆ. ಹೋಗುವಾಗ ಖಾಲಿ ಲೋಟಗಳೆಲ್ಲ ತಮಟೆ. ಮರಳುವಾಗ ಅದೇ ಮಕ್ಕಳು ಎರಡೂ ಕೈಯಲ್ಲಿ ಲೋಟ ಹಿಡಿದು, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿ, ಹಾಲಿನ ಅಂಚನ್ನೇ ನೋಡುತ್ತಾ ಅಡಿ ಅಡಿಯಾಗಿ ನಡೆಯುತ್ತಾರೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಶಾಲೆಯ ಅತಿ ತುಂಟನೂ ಆ ಕ್ಷಣ ತಪಸ್ವಿ. ಯಾರೂ ‘ಸುಮ್ಮನಿರಿ’ ಎಂದಿಲ್ಲ. ಚೆಲ್ಲಬಾರದ ಒಂದು ವಸ್ತು ಕೈಯಲ್ಲಿದೆ, ಅದು ತನ್ನದು, ಅಷ್ಟು ಸಾಕಾಯಿತು.

ನಮ್ಮ ಕೆಳಗಿನ ತರಗತಿಗಳಲ್ಲಿ ನಡೆಯುವುದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರ ಕೈಯಲ್ಲಿ ಹುಟ್ಟಿದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಪ್ರತಿ ಮಗುವೂ ತನ್ನ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಬೆಳಿಗ್ಗೆಯಿಂದ ‘ನಿನ್ನ ವೇಗ ನಿನ್ನದು’ ಎಂದು ಹೇಳಿಸಿಕೊಂಡ ಮಕ್ಕಳಿಗೆ ಗಂಟೆ ಹೊಡೆದೊಡನೆ ‘ಎಲ್ಲರೂ ಒಟ್ಟಿಗೆ ನಡೆಯಿರಿ’ ಎಂದರೆ ಗಲಿಬಿಲಿ ಆಗದೇ ಇದ್ದೀತೆ? ಅದಕ್ಕೇ ಸಾಲನ್ನೂ ನಲಿ-ಕಲಿಯ ದಾರಿಗೆ ತರಬೇಕು. ಎಲ್ಲರನ್ನೂ ಒಮ್ಮೆಲೇ ಎಬ್ಬಿಸಬಾರದು. ನಾಲ್ಕಾರು ಮಕ್ಕಳನ್ನು ಕರೆಯುವುದು, ಅವರು ನಿಂತ ಮೇಲೆ ಮತ್ತೆ ನಾಲ್ಕಾರು. ಕರೆಯುವುದಕ್ಕೆ ದಿನಕ್ಕೊಂದು ನೆಪ. ಹೆಸರಿನಲ್ಲಿ ‘ಮ’ ಇರುವವರು ಬನ್ನಿ. ಮುಂದಿನ ಹಲ್ಲು ಬಿದ್ದವರು ಬನ್ನಿ. ಈ ದಿನ ಕಾಗೆ ನೋಡಿದವರು ಬನ್ನಿ. ಕಾಗೆ ನೋಡದವರು ಕಿಟಕಿಯ ಕಡೆ ತಿರುಗಿ ಗಡಿಬಿಡಿಯಲ್ಲಿ ಒಂದು ಕಾಗೆ ಹುಡುಕುತ್ತಾರೆ. ಕಾಗೆಗೆ ನಮ್ಮೂರಲ್ಲಿ ಬರವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಹೊಸ ಚೀಲ ಇರುವವರು, ಬೂಟು ಹಾಕಿದವರು ಎಂದು ಕರೆಯಬಾರದು. ಇಲ್ಲದವರ ಲೆಕ್ಕ ಸಾಲಿನಲ್ಲಿ ಆಗಬಾರದು.

ಮೊದಲ ಜಾಗದ ವ್ಯಾಜ್ಯಕ್ಕೂ ಒಂದು ಉಪಾಯವಿದೆ. ಮೊದಲ ಜಾಗವನ್ನು ಹುದ್ದೆ ಮಾಡಿ ವಾರಕ್ಕೊಬ್ಬರಿಗೆ ಕೊಟ್ಟುಬಿಡುವುದು. ಅದಕ್ಕಿಂತ ಮುಖ್ಯ, ಕೊನೆಯ ಜಾಗವನ್ನೂ ಹುದ್ದೆ ಮಾಡುವುದು. ಕೊನೆಯವರು ಫ್ಯಾನಿನ ಸ್ವಿಚ್ ಆರಿಸಬೇಕು, ಬಾಗಿಲು ಎಳೆದುಕೊಳ್ಳಬೇಕು, ಹಲ್ಲಿ ನೋಡುತ್ತಾ ನಿಂತವನನ್ನು ಕರೆತರಬೇಕು. ಇಷ್ಟು ಅಧಿಕಾರ ಮೊದಲನೆಯವನಿಗೆ ಎಲ್ಲಿದೆ! ಈ ಏರ್ಪಾಡು ಬಂದ ಕೆಲವೇ ದಿನಗಳಲ್ಲಿ ಕೊನೆಯ ಜಾಗಕ್ಕೂ ಜಗಳ ಶುರುವಾಯಿತು. ಆದರೆ ಜಗಳ ಎರಡು ತುದಿಗೆ ಹಂಚಿಹೋದದ್ದರಿಂದ ನಡುವೆ ನೆಮ್ಮದಿ.

ಸಾಲು ಎಂದೊಡನೆ ದೊಡ್ಡವರಿಗೆ ನೆನಪಾಗುವುದು ಇರುವೆ. ಸಭೆಯಲ್ಲಿ ಮಾತಾಡುವವರೆಲ್ಲ ‘ಮಕ್ಕಳೇ, ಇರುವೆಗಳಿಂದ ಶಿಸ್ತು ಕಲಿಯಿರಿ’ ಎನ್ನುತ್ತಾರೆ. ಒಮ್ಮೆ ಹಾಗೆ ಕೇಳಿಸಿಕೊಂಡ ಮಕ್ಕಳು ಹುಣಸೆ ಮರದ ಬುಡದಲ್ಲಿ ಕೂತು ನಿಜವಾಗಿಯೂ ಇರುವೆ ನೋಡಿದರು. ಬಂದು ವರದಿ ಒಪ್ಪಿಸಿದರು: ‘ಮಿಸ್, ಇರುವೆ ಸುಮ್ನೆ ಹೋಗಲ್ಲ. ಎದುರಿಗೆ ಬಂದವ್ರ ಜೊತೆ ನಿಂತು ಮಾತಾಡಿ ಹೋಗ್ತವೆ.’ ನಿಜವೇ. ಇರುವೆಗಳು ನೆಲದ ಮೇಲೆ ಬಿಟ್ಟ ವಾಸನೆಯ ಜಾಡು ಹಿಡಿದು ನಡೆಯುತ್ತವೆ, ಎದುರಾದವುಗಳ ಮೀಸೆಗೆ ಮೀಸೆ ತಾಗಿಸಿ ಸುದ್ದಿ ತಿಳಿಯುತ್ತವೆ. ಅವುಗಳ ಸಾಲು ನೇರವೂ ಅಲ್ಲ, ಮೌನವೂ ಅಲ್ಲ. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿದೆ, ಅಷ್ಟೇ. ಅಂದಿನಿಂದ ನಮ್ಮ ಸಾಲಿನಲ್ಲಿ ಪಿಸುಮಾತಿಗೆ ಅನುಮತಿ ಸಿಕ್ಕಿತು. ಇರುವೆ ಮಾಡಿದ ಶಿಫಾರಸನ್ನು ತಳ್ಳಿಹಾಕುವುದು ಹೇಗೆ?

ಕೊರೊನಾ ಕಾಲದ ನಂತರ ಸಾಲಿನ ವಿಷಯದಲ್ಲಿ ಒಂದು ವಿಚಿತ್ರ ಕಂಡೆವು. 2021ರ ಅಕ್ಟೋಬರ್ 25ರಂದು ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದಾಗ, ಎರಡನೇ ತರಗತಿಗೆ ಬಂದ ಮಕ್ಕಳು ಒಂದನೇ ತರಗತಿಯ ಕೋಣೆಯನ್ನೇ ನೋಡಿರಲಿಲ್ಲ. ಅವರಿಗೆ ಸಾಲು ಹೊಸದು, ಗಂಟೆ ಹೊಸದು, ಪಕ್ಕದಲ್ಲಿ ಇನ್ನೊಂದು ಮಗು ಕೂರುವುದೇ ಹೊಸದು. ಆಗ ಅಂತರಕ್ಕೆಂದು ಶಾಲೆಗಳ ಜಗುಲಿಯಲ್ಲಿ ಬಿಳಿ ಬಣ್ಣದ ವೃತ್ತಗಳನ್ನು ಬರೆದಿದ್ದರು. ಮಕ್ಕಳು ಆ ವೃತ್ತಗಳನ್ನು ಮನೆ ಎಂದುಕೊಂಡರು. ತನ್ನ ಮನೆಯೊಳಗೆ ಎರಡೂ ಪಾದ ಇಟ್ಟುಕೊಂಡು ನಿಂತ ಮಗು ಪಕ್ಕದ ಮನೆಗೆ ನುಗ್ಗುವುದಿಲ್ಲ. ಕಾಯಿಲೆ ಹೋದರೂ ವೃತ್ತಗಳು ಉಳಿದವು. ಅಳಿಸಿಹೋದಾಗಲೆಲ್ಲ ನಮ್ಮಲ್ಲಿ ಮತ್ತೆ ಬರೆಯುತ್ತೇವೆ. ನಿಲ್ಲು ಎಂದು ನೂರು ಸಲ ಹೇಳುವುದಕ್ಕಿಂತ ಎಲ್ಲಿ ನಿಲ್ಲಬೇಕು ಎಂದು ಒಮ್ಮೆ ತೋರಿಸುವುದು ಮೇಲು.

ಎಲ್ಲ ಸಾಲುಗಳ ರಾಜ ಊಟದ ಸಾಲು. 2002ರ ಜೂನ್‌ನಲ್ಲಿ ಬೀದರ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ನಾಡಿಗೆಲ್ಲ ಹಬ್ಬಿದ ಅಕ್ಷರ ದಾಸೋಹ ಎಷ್ಟು ಮಕ್ಕಳ ಹೊಟ್ಟೆ ತುಂಬಿಸಿತೋ ಅಷ್ಟೇ ಮಕ್ಕಳಿಗೆ ಸರದಿ ಕಾಯುವುದನ್ನೂ ಕಲಿಸಿತು. ಇಲ್ಲಿ ನೂಕಾಟಕ್ಕೆ ರಿಯಾಯಿತಿ ಇಲ್ಲ. ಎದುರಿಗೆ ಕುದಿಯುವ ಸಾಂಬಾರಿನ ಪಾತ್ರೆ ಇರುತ್ತದೆ. ಅಡುಗೆ ಅಕ್ಕ ಎಷ್ಟೇ ಹುಷಾರಾಗಿದ್ದರೂ ಹಿಂದಿನಿಂದ ಬಂದ ಒಂದು ತಳ್ಳು ಸೌಟಿನವರೆಗೂ ಬರುತ್ತದೆ. ಆದರೆ ಹಸಿವಿನ ಹೊತ್ತು, ಸಾಂಬಾರಿನ ಘಮ. ಇಲ್ಲಿ ಕತೆ ನಡೆಯುವುದಿಲ್ಲ, ಕಾಗೆಯೂ ನಡೆಯುವುದಿಲ್ಲ. ಮೊಟ್ಟೆ ಕೊಡುವ ದಿನವಂತೂ ನನ್ನ ಹೊಸ ಉಪಾಯಗಳೆಲ್ಲ ಬಾಗಿಲಲ್ಲೇ ಉಳಿಯುತ್ತವೆ.

ಅದನ್ನು ಬಗೆಹರಿಸಿದವರು ಅಡುಗೆ ಅಕ್ಕ. ಯಾವ ತರಬೇತಿಗೂ ಹೋದವರಲ್ಲ. ದಿನವೂ ನುಗ್ಗುತ್ತಿದ್ದ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದರು: ‘ಯಾಕೋ ಮರಿ, ಇಷ್ಟು ಅವಸರ?’

‘ಖಾಲಿ ಆಗ್ಬಿಟ್ರೆ?’

‘ನಾನಿರೋವಾಗ ಖಾಲಿ ಆಗ್ತದಾ? ಬಾ ಇಲ್ಲಿ, ನೋಡು’ ಎಂದು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಬುಟ್ಟಿಯ ಮೊಟ್ಟೆಗಳನ್ನು ಅವನ ಕೈಯಲ್ಲೇ ಎಣಿಸಿದರು. ಮಕ್ಕಳು ಎಷ್ಟೋ ಮೊಟ್ಟೆಯೂ ಅಷ್ಟೇ, ಮೊಟ್ಟೆ ತಿನ್ನದವರಿಗೆ ಇಟ್ಟ ಬಾಳೆಹಣ್ಣೂ ಅಷ್ಟೇ. ಮರುದಿನದಿಂದ ಊಟಕ್ಕೆ ಮುಂಚೆ ಒಂದು ಮಗು ಬಂದು ಪಾತ್ರೆ ನೋಡಿಹೋಗಿ ಉಳಿದವರಿಗೆ ಸುದ್ದಿ ಹೇಳುವ ರೂಢಿ ಹಾಕಿದರು. ಕೆಲವು ದಿನ ಸಾಲಿನ ಬಾಲದಿಂದ ಬಡಿಸಲು ಶುರು ಮಾಡಿದರು. ಮೊದಲು ನಿಂತವನು ಕಕ್ಕಾಬಿಕ್ಕಿ. ಆದರೆ ಅವನ ತಟ್ಟೆಗೂ ಅಷ್ಟೇ ಅನ್ನ, ಅದೇ ಸಾಂಬಾರು ಬಿತ್ತು. ಮೊದಲಾದರೂ ಅಷ್ಟೇ, ಕೊನೆಯಾದರೂ ಅಷ್ಟೇ ಎಂಬುದು ಕಣ್ಣಿಗೆ ಕಂಡ ಮೇಲೆ ನುಗ್ಗುವುದರಲ್ಲಿ ಏನು ರುಚಿ ಉಳಿಯಿತು? ತಿಂಗಳೊಪ್ಪತ್ತಿನಲ್ಲಿ ಊಟದ ಸಾಲು ನಮ್ಮ ಶಾಲೆಯ ಅತಿ ಸಮಾಧಾನದ ಸಾಲಾಯಿತು.

ಬಡಿಸಿಕೊಂಡ ಮೇಲೆ ಮಕ್ಕಳು ಜಗುಲಿಯಲ್ಲಿ ಪಂಕ್ತಿಯಾಗಿ ಕೂರುತ್ತಾರೆ. ಸಾಲು ನಮಗೆ ಬಸ್ಸು, ಸಿನಿಮಾ, ರೇಷನ್ ಅಂಗಡಿಗಳ ಜೊತೆ ಬಂದದ್ದು. ಪಂಕ್ತಿ ನಮ್ಮ ಹಳೆಯ ಆಸ್ತಿ. ಪಂಕ್ತಿಯಲ್ಲಿ ಒಂದು ಸೊಗಸಿದೆ. ಮೊದಲ ಎಲೆಗೆ ಬಡಿಸಿದರೂ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ಯಾರೂ ಕೈ ಹಾಕುವುದಿಲ್ಲ. ಹಾಗಾಗಿ ಮೊದಲು ಕೂತು ಲಾಭವಿಲ್ಲ, ಕೊನೆಗೆ ಕೂತು ನಷ್ಟವಿಲ್ಲ. ಆದರೆ ಆ ಪಂಕ್ತಿಗೆ ಭೇದವೂ ಅಂಟಿಕೊಂಡಿತ್ತು. ಯಾರ ಪಕ್ಕ ಯಾರು ಕೂರಬೇಕು, ಯಾರು ಹೊರಗೆ ಕೂರಬೇಕು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಶಾಲೆಯ ಜಗುಲಿಯಲ್ಲಿ ಪಕ್ಕದವರನ್ನು ತೀರ್ಮಾನಿಸುವುದು ಸಾಲು, ಅಂದರೆ ನಲ್ಲಿಯ ಹತ್ತಿರ ಯಾರು ಯಾರ ಹಿಂದೆ ನಿಂತಿದ್ದರು ಎಂಬುದು. ಪಂಕ್ತಿಯ ಸೊಗಸನ್ನು ಉಳಿಸಿಕೊಂಡು ಅದರ ಕೊಳೆ ತೊಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರಿಲ್ಲ.

ಹೀಗೆ ಶಾಲೆಯಲ್ಲಿ ಕಲಿತ ಮಗು ಭಾನುವಾರ ಅಪ್ಪ ಅಮ್ಮನ ಜೊತೆ ಪೇಟೆಗೆ ಹೋಗುತ್ತದೆ. ಬಸ್ಸು ಇನ್ನೂ ನಿಂತಿರುವುದಿಲ್ಲ, ಅಪ್ಪ ಕಿಟಕಿಯಿಂದ ಟವೆಲ್ ಒಳಗೆ ಎಸೆದು ಸೀಟು ಹಿಡಿದಾಗಿರುತ್ತದೆ. ಮದುವೆ ಛತ್ರದಲ್ಲಿ ಉಣ್ಣುತ್ತಿರುವವರ ಕುರ್ಚಿಯ ಹಿಂದೆ ಅಮ್ಮ ಒಂದು ಕೈ ಊರಿ ನಿಂತಿರುತ್ತಾಳೆ. ಕೂತವರು ಪಾಯಸ ಇನ್ನೊಮ್ಮೆ ಹಾಕಿಸಿಕೊಂಡರೆ ಹಿಂದೆ ನಿಂತವರ ನಿಟ್ಟುಸಿರು ಅವರ ಕತ್ತಿಗೆ ತಾಗುತ್ತದೆ. ಸೋಮವಾರ ಅದೇ ಮಗು ತಟ್ಟೆ ಇಟ್ಟು ಜಾಗ ಹಿಡಿದರೆ ಯಾರನ್ನು ಗದರುವುದು? ದೊಡ್ಡವರಿಗೆ ಸಾಲು ಗೊತ್ತಿಲ್ಲವೆಂದೂ ಅಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರದ ಮುಂದೆ, ಸಿದ್ಧಗಂಗೆಯ ದಾಸೋಹದ ಮುಂದೆ ಇದೇ ಜನ ಎಷ್ಟು ಹೊತ್ತಾದರೂ ತಾಳ್ಮೆಯಿಂದ ನಿಲ್ಲುತ್ತಾರೆ. ಅಲ್ಲಿ ಕೊನೆಯವರಿಗೂ ಅನ್ನ ಇದ್ದೇ ಇರುತ್ತದೆಂಬ ಭರವಸೆ ಉಂಟು. ಬಸ್ಸಿನ ಬಾಗಿಲಲ್ಲಿ ಆ ಭರವಸೆ ಇಲ್ಲ. ನೂಕಾಟವೂ ಸಮಾಧಾನವೂ ಮನುಷ್ಯರ ಗುಣಕ್ಕಿಂತ ಹೆಚ್ಚಾಗಿ ಪಾತ್ರೆಯೊಳಗೆ ಎಷ್ಟಿದೆ ಎಂಬುದನ್ನು ಅವಲಂಬಿಸಿವೆ. ಅಡುಗೆ ಅಕ್ಕನಿಗೆ ಇದು ಗೊತ್ತಿತ್ತು.

ಹಾಗಾಗಿ ಮಕ್ಕಳು ಸಾಲಿನಲ್ಲಿ ನಿಲ್ಲುವುದಿಲ್ಲ ಎಂದು ದೂರುವವರಿಗೆ ನನ್ನ ಉತ್ತರ ಚಿಕ್ಕದು. ಸಾಲನ್ನು ಗಿಡ್ಡ ಮಾಡಿ. ಕಾಯುವ ಕೈಗೆ ಏನಾದರೂ ಕೊಡಿ. ಕೊನೆಯವರ ಪಾಲು ಕಡಿಮೆಯಾಗದಂತೆ ನೋಡಿಕೊಳ್ಳಿ, ಅದು ಅವರಿಗೆ ಕಾಣುವಂತೆಯೂ ಮಾಡಿ. ಆಮೇಲೆ ಬರಲೂ ಬೇಡ, ಸೀಟಿಯೂ ಬೇಡ.

ಶಾಲೆಯ ಕಾರ್ಯಕ್ರಮಗಳಿಗೆ ಬರುವ ಅತಿಥಿಗಳಲ್ಲಿ ಮಾತ್ರ ಒಂದು ಬಿನ್ನಹ. ನೀವು ಬರುತ್ತೀರೆಂದು ಗೇಟಿನಿಂದ ವೇದಿಕೆಯವರೆಗೆ ಎರಡೂ ಬದಿಗೆ ಮಕ್ಕಳನ್ನು ನಿಲ್ಲಿಸಿರುತ್ತೇವೆ, ಕೈಯಲ್ಲಿ ಹೂವು ಕೊಟ್ಟು. ಅವರು ನಮ್ಮ ಮಾತು ನಂಬಿ ನಿಂತಿರುತ್ತಾರೆ. ಹೂ ಬಾಡುತ್ತದೆ, ನೆತ್ತಿ ಕಾಯುತ್ತದೆ, ನಿಮ್ಮ ಕಾರು ಇನ್ನೊಂದು ಊರಿನ ಇನ್ನೊಂದು ಸನ್ಮಾನದಲ್ಲಿರುತ್ತದೆ. ವರ್ಷವಿಡೀ ನಾವು ಕಲಿಸಿದ ಸರದಿಯ ಪಾಠವನ್ನು ಆ ಎರಡು ಗಂಟೆ ಅಳಿಸಿಹಾಕುತ್ತದೆ. ದಯವಿಟ್ಟು ಹತ್ತಕ್ಕೆ ಎಂದು ಒಪ್ಪಿಕೊಂಡಿದ್ದರೆ ಹತ್ತಕ್ಕೇ ಬನ್ನಿ. ಬರಲಾಗದಿದ್ದರೆ ಒಂದು ಫೋನು ಮಾಡಿ. ಮಕ್ಕಳನ್ನು ಆಡಲು ಬಿಡುತ್ತೇವೆ.